ಗಡ್ಡವಿಲ್ಲದವಳ ಸಾಣೆಕಲ್ಲು

ಇವಳಿಂದ ಆಗದು ಎಂದು ನನ್ನ ಬಗ್ಗೆ ಹೇಳಿದವರು ಬೇರೆ ಯಾರೂ ಅಲ್ಲ, ನಮ್ಮ ಮಲ್ಲಣ್ಣ ಕಾಕಾ. ಅಪ್ಪನ ತಮ್ಮ, ನಾರಾಯಣಗೂಡದ ಗಲ್ಲಿಯೊಂದರಲ್ಲಿ ಕ್ಷೌರದ ಅಂಗಡಿ ಇಟ್ಟವರು. ಒಂದೇ ಉಸಿರಿಗೆ ಎರಡು ತೀರ್ಪು ಕೊಟ್ಟರು: “ಡಿಗ್ರಿ ಮುಗಸೂದು ನಮ್ಮ ಮನಿತನದಾಗ ಬಂದಿಲ್ಲವ್ವ. ಉಸ್ತ್ರಾ ಮಸಿಯೂ ಕಲ್ಲು ಆರಿಸೂದು ಗಡ್ಡ ಇಲ್ಲದವರಿಗೆ ಬರೂದಿಲ್ಲ.”

ಗಡ್ಡದ ವಿಷಯದಲ್ಲಿ ವಾದ ಹೂಡಲು ನನ್ನ ಬಳಿ ಸಾಕ್ಷಿ ಇರಲಿಲ್ಲ.

ಅಂಗಡಿಯಲ್ಲಿ ಆಗಲೇ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಬಂದಿತ್ತು. ಆದರೆ ಕಾಕಾ ತಮ್ಮ ಮುಖಕ್ಕೆ ಮಾತ್ರ ಉಸ್ತ್ರಾ ಬಿಟ್ಟು ಬೇರೇನನ್ನೂ ಮುಟ್ಟಿಸುತ್ತಿರಲಿಲ್ಲ. ಅದು ನಮ್ಮ ಅಜ್ಜ ಬೀದರಿನಿಂದ ಸೊಂಟಕ್ಕೆ ಸಿಕ್ಕಿಸಿಕೊಂಡು ತಂದ ಮಡಚುವ ಕತ್ತಿ. ಅದನ್ನು ಮಸೆಯುವ ಸಾಣೆಕಲ್ಲು ಒಂದು ದಿನ ಕೆಳಗೆ ಬಿದ್ದು ಚೂರಾಯಿತು. ಜಾರಿದ್ದು ನನ್ನ ಕೈಯಿಂದಲೇ. ದಿನ ಕಳೆದಂತೆ ಕತ್ತಿ ಮೊಂಡಾಯಿತು. ಗುಜರಿಗೆ ಹಾಕುತ್ತೇನೆ ಎಂದರು ಕಾಕಾ. ಅಜ್ಜನ ಕತ್ತಿ ನನ್ನ ದೆಸೆಯಿಂದ ಗುಜರಿ ಸೇರುವುದೇ? “ಕಲ್ಲು ನಾ ತರತೀನಿ” ಎಂದೆ. ಆಗ ಬಂದದ್ದು ಆ ಎರಡು ತೀರ್ಪು.

ನಾನು ಕಾಲೇಜಿನಲ್ಲಿ ಓದುತ್ತಿದ್ದದ್ದು ಭೂವಿಜ್ಞಾನ. ಕಲ್ಲಿನ ಬಗ್ಗೆ ಓದಿದರೆ ಪದವಿ ಕೊಡುತ್ತಾರೆಂದು ಮನೆಯಲ್ಲಿ ಯಾರೂ ನಂಬಿರಲಿಲ್ಲ. ಆ ಧಿಮಾಕಿನಲ್ಲೇ ಸಿಕಂದರಾಬಾದಿನ ಬಜಾರಿಗೆ ಹೋಗಿ, ಕನ್ನಡಿಯಂತೆ ಹೊಳೆಯುವ ಬಿಳಿಕಲ್ಲೊಂದನ್ನು ತಂದೆ. ಅದು ನೆಲಕ್ಕೆ ಹಾಸುವ ಅಮೃತಶಿಲೆಯ ತುಂಡು. ಕಾಕಾ ಅದರ ಮೇಲೆ ಹೆಬ್ಬೆರಳಿನ ಉಗುರು ಎಳೆದು, “ಛಲೋ ಐತಿ. ಇದರ ಮ್ಯಾಲೆ ಕುಂತು ಓದು” ಎಂದರು. ಕುರ್ಚಿಯಲ್ಲಿದ್ದ ಗಿರಾಕಿ ಮುಖದ ನೊರೆ ಹಾರುವಂತೆ ನಕ್ಕ. ಅದೇ ವರ್ಷ ಶಿಲೆಗಳ ಪತ್ರಿಕೆಯಲ್ಲಿ ನಪಾಸಾದೆ.

ಹೊಳಪು ಬೇರೆ, ಕಣ ಬೇರೆ ಎಂದು ತಲೆಗೆ ಹತ್ತಲು ನನಗೆ ಒಂದು ನಪಾಸು ಬೇಕಾಯಿತು. ಸಾಣೆಕಲ್ಲು ಉಕ್ಕನ್ನು ತಿನ್ನಬೇಕು, ಆದರೆ ಎಲ್ಲ ಕಡೆ ಒಂದೇ ಸಮ ತಿನ್ನಬೇಕು. ನಡುವೆ ಒಂದೇ ಒಂದು ದಪ್ಪ ಕಣವಿದ್ದರೂ ಅಲಗಿನ ಅಂಚಿಗೆ ಗೀರು ಬೀಳುತ್ತದೆ. ಆಮೇಲೆ ಗಲ್ಲದ ಗತಿ ಕೇಳಬೇಡಿ. ಒಂದೇ ಕಲ್ಲು ಸಾಲದು. ಮೊಂಡಾದದ್ದನ್ನು ದಾರಿಗೆ ತರಲು ಒರಟು ಕಲ್ಲು, ಆಮೇಲೆ ನಯಕ್ಕೆ ನುಣುಪು ಕಲ್ಲು. ನನ್ನ ಓದಿಗೆ ಒರಟು ಕಲ್ಲು ಮನೆಯಲ್ಲೇ ಇತ್ತು; ಹೆಸರು ಆಗಲೇ ಹೇಳಿದ್ದೇನೆ.

ಮರುವರ್ಷ ಆ ಪತ್ರಿಕೆ ಮತ್ತೆ ಬರೆದು ಪಾಸಾದೆ. ಹಳೆ ಸಾಮಾನಿನ ಅಂಗಡಿಯೊಂದರಲ್ಲಿ, ಯಾರೂ ತಿರುಗಿ ನೋಡದ ಎರಡು ಬೂದುಬಣ್ಣದ ಕಲ್ಲು ಹುಡುಕಿದೆ, ಒರಟೊಂದು, ನುಣುಪೊಂದು. ನೀರು ಹಚ್ಚಿ ಕಾಲೇಜಿನ ಭೂತಗನ್ನಡಿಯಲ್ಲಿ ನೋಡಿದೆ; ಒಂದೊಂದರಲ್ಲೂ ಕಣಗಳೆಲ್ಲ ಒಂದೇ ಸಮ. ಆಮೇಲೆ ಕಾಕಾನ ಹಾಗೆ ಉಗುರು ಎಳೆದೆ. ಎಲ್ಲೂ ತಡೆಯಲಿಲ್ಲ. ಭೂತಗನ್ನಡಿ ತೋರಿಸಿದ್ದನ್ನೇ ಉಗುರೂ ಹೇಳಿತು.

ಕಾಕಾ ಎರಡು ಕಲ್ಲಿನ ಮೇಲೂ ಕತ್ತಿ ಮಸೆದರು. ಅಂಗೈಗೆ ಸವರಿದರು. ಮುಂಗೈ ಮೇಲೆ ಆಡಿಸಿದರೆ ಕೂದಲು ಸದ್ದಿಲ್ಲದೆ ಉದುರಿತು. ಕತ್ತಿಯನ್ನು ಮಡಚಿ ಜೋಪಾನವಾಗಿ ಎತ್ತಿಟ್ಟರು. ಗುಜರಿಯ ಮಾತು ಮತ್ತೆ ಬರಲಿಲ್ಲ.

ಪದವಿ ಪ್ರಮಾಣಪತ್ರ ಸಿಕ್ಕ ದಿನ ನೆಟ್ಟಗೆ ಅಂಗಡಿಗೆ ಹೋಗಿ ಕಾಕಾನ ಕೈಗಿಟ್ಟೆ. ನೊರೆಗೈ ಒರೆಸಿಕೊಂಡು, ಕಾಗದದ ಮೇಲೆ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಎಳೆದರು.

“ಎರಡೂ ಸುಳ್ಳ ಮಾಡಿದಿ” ಎಂದರು. ಆಮೇಲೆ ಗಿರಾಕಿಯ ಕುರ್ಚಿಯಲ್ಲಿ ತಾವೇ ಕೂತು, ಅಜ್ಜನ ಉಸ್ತ್ರಾವನ್ನು ನನ್ನತ್ತ ಚಾಚಿದರು. “ಇನ್ನೊಂದು ಹೇಳತೀನಿ ಕೇಳು. ನಿನಗ ಗಡ್ಡ ತಗಿಯಾಕ ಬರೂದಿಲ್ಲ.”