ಕರುವಿನ ಅಳತೆ

ನಾನು ಓದು ನಿಲ್ಲಿಸಿದ್ದು 1983ರಲ್ಲಿ, ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಸಕಲೇಶಪುರದ ಒಂದು ವರ್ಕ್‌ಶಾಪಿನಲ್ಲಿ ಎಂಟು ವರ್ಷ ಕಬ್ಬಿಣ ಹೊತ್ತು, ಉರಿಯುವ ಕಣ್ಣಿಗೆ ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗಿ, ವೆಲ್ಡಿಂಗ್ ಕಲಿತೆ. ಆಮೇಲೆ ಯಸಳೂರಿಗೆ ಬಂದು ಸ್ವಂತ ಶಾಪು ಹಾಕಿದೆ. ಸುತ್ತಲಿನ ಎಸ್ಟೇಟುಗಳ ಗೇಟುಗಳಲ್ಲಿ ಅರ್ಧದಷ್ಟು ನನ್ನವೇ. ನಾನು ಬೆಸೆದದ್ದು ಬಿಟ್ಟುಕೊಂಡಿತು ಅಂತ ಇವತ್ತಿನವರೆಗೆ ಒಬ್ಬರೂ ವಾಪಸ್ ಬಂದಿಲ್ಲ.

ಟೇಪು ಹಿಡಿಯುವ ಅಭ್ಯಾಸ ನನಗೆ ಇರಲಿಲ್ಲ. ಕೈಯೇ ಟೇಪು. ಗೇಟಿನ ಅಡ್ಡ ಪೈಪುಗಳ ನಡುವಿನ ಸಂದು ಒಂದು ಗೇಣಿಗೆ ನಾಲ್ಕು ಬೆರಳು ಕಮ್ಮಿ. ಅಷ್ಟಿದ್ದರೆ ಕರು ತಲೆ ತೂರಿಸಲಾರದು, ತಲೆ ತೂರದ ಮೇಲೆ ಮೈ ತೂರುವ ಮಾತೇ ಇಲ್ಲ. ವರ್ಕ್‌ಶಾಪಿನ ಮೇಸ್ತ್ರಿ ಕಲಿಸಿದ್ದ ಅಳತೆ ಇದು. ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದೆ.

1998ರಲ್ಲಿ ತೋಟದ ಸಾಹುಕಾರರೊಬ್ಬರು ಎರಡು ಊರಿನ ಮಕ್ಕಳಿಗೆ ಜಾರುಬಂಡಿ ಮಾಡಿಸಿಕೊಡಲು ನನಗೆ ಹೇಳಿದರು. ಮೊದಲನೆಯದನ್ನು ಹೊಂಗಡಹಳ್ಳದ ಕಡೆಯ ಒಂದು ಊರಿನ ಬಯಲಿನಲ್ಲಿ ನಿಲ್ಲಿಸಿ ಬಂದೆ. ಎರಡು ತಿಂಗಳ ಮೇಲೆ ಎರಡನೆಯದನ್ನು ನಮ್ಮ ಶಾಪಿನಿಂದ ಎರಡು ಮೈಲಿ ಆಚೆಯ ಒಂದು ಶಾಲೆಯ ಅಂಗಳದಲ್ಲಿ ನಿಲ್ಲಿಸಿದೆ. ಮಕ್ಕಳು ಹತ್ತಿ ನಿಲ್ಲುವುದಕ್ಕೆ ಆಳೆತ್ತರದಲ್ಲಿ ತಗಡಿನ ಅಟ್ಟ. ಯಾರೂ ಬೀಳದ ಹಾಗೆ ಅಟ್ಟದ ಎರಡು ಬದಿಗೂ ಅಡ್ಡ ಪೈಪು. ಸಂದು ಮಾತ್ರ ಅದೇ, ಗೇಣಿಗೆ ನಾಲ್ಕು ಬೆರಳು ಕಮ್ಮಿ.

ನಿಲ್ಲಿಸಿದ ದಿನ ಶಾಲೆಯ ಟೀಚರ್ ಕೆಳಗೆ ನಿಂತು ತಲೆಯೆತ್ತಿ ನೋಡಿದರು.

"ಅಟ್ಟಕ್ಕೂ ಕೆಳಗಿನ ಪೈಪಿಗೂ ಮಧ್ಯೆ ಸಂದು ಜಾಸ್ತಿ ಆಗಿಲ್ವೇನ್ರೀ? ಒಂದನೇ ಕ್ಲಾಸಿನ ಪಿಳ್ಳೆಗಳು ಅವೆ ಇಲ್ಲಿ."

ನನಗೆ ಮೈ ಉರಿಯಿತು. "ಟೀಚರ್, ನೀವು ಮಗ್ಗಿ ಹೇಳ್ಕೊಡಿ, ಕಬ್ಬಿಣದ್ ವಿಷ್ಯ ನಂಗ್ ಬಿಡಿ. ಕರೂನೇ ತಲೆ ತೂರ್ಸಕ್ಕಾಗಲ್ಲ ಕಣ್ರೀ ಅದ್ರಲ್ಲಿ."

ಅವರು ಒಳಗೆ ಹೋದರು. ಗೆದ್ದೆ ಅಂದುಕೊಂಡೆ.

ಮಾರನೇ ದಿನ ಶನಿವಾರ, ಬೆಳಗಿನ ಶಾಲೆ. ಬಣ್ಣ ಒಣಗುವವರೆಗೆ ಯಾರನ್ನೂ ಹತ್ತಿಸಬೇಡಿ ಅಂತ ಮೊದಲೇ ಹೇಳಿದ್ದೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಬಣ್ಣ ಹೊಡೆಯಲು ಹೋದೆ. ಬಣ್ಣದ ಡಬ್ಬಗಳನ್ನು ತಂದುಕೊಟ್ಟ ಜೀಪ್ ಡ್ರೈವರ್, ನನ್ನ ಹಳೇ ಗೆಳೆಯ, ಜೀಪಿನಲ್ಲೇ ಒರಗಿ ಬೀಡಿ ಹಚ್ಚಿದ್ದ. ಟೀಚರ್ ಒಳಗೆ ಏನೋ ಬರೆಯುತ್ತಿದ್ದರು. ನನ್ನ ನಾಲ್ಕು ವರ್ಷದ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅಪ್ಪ ಮಾಡಿದ ಜಾರುಬಂಡಿಯನ್ನು ಎಲ್ಲರಿಗಿಂತ ಮೊದಲು ಅವಳೇ ಹತ್ತಲಿ ಅಂತ ಆಸೆ. ಅಟ್ಟದ ಮೇಲೆ ಕೂರಿಸಿ, "ಅಲ್ಲೇ ಇರು ಪುಟ್ಟಿ, ಅಲ್ಲಾಡ್ಬೇಡ," ಅಂದು ಕೆಳಗಿನ ಕಂಬಕ್ಕೆ ಹಳದಿ ಹೊಡೆಯತೊಡಗಿದೆ.

ಕೂಗು ಕೇಳಲಿಲ್ಲ. ಒಂದು ಪುಟ್ಟ ಚಪ್ಪಲಿ ಡಬ್ಬದ ಪಕ್ಕಕ್ಕೆ ಬಿತ್ತು, ಅಷ್ಟೇ. ತಲೆಯೆತ್ತಿದರೆ ಎರಡು ಕಾಲು, ಲಂಗ, ಹೊಟ್ಟೆ, ಎಲ್ಲ ಸಂದಿನಿಂದ ಹೊರಗೆ ಬಂದು ಗಾಳಿಯಲ್ಲಿ ತೂಗುತ್ತಿವೆ. ತಲೆ ಮಾತ್ರ ಒಳಗೆ. ಗಲ್ಲ ಪೈಪಿಗೆ ಸಿಕ್ಕಿಕೊಂಡಿದೆ, ತಲೆಯ ಹಿಂಭಾಗ ತಗಡಿಗೆ ಒತ್ತಿದೆ. ಬಾಯಿ ತೆರೆಯಲು ಜಾಗವಿಲ್ಲದ್ದಕ್ಕೆ ಕೂಗು ಹೊರಟಿಲ್ಲ.

ಓಡಿ ಎರಡೂ ತೊಡೆ ಹಿಡಿದು ಮೇಲಕ್ಕೆ ಎತ್ತಿದೆ. ಕುತ್ತಿಗೆಯ ಮೇಲಿನ ಭಾರ ಇಳಿಯಿತು, ಮೂಗಿನಿಂದ ಸೊಂಯ್ ಅಂತ ಉಸಿರು ಬಂತು. ಇನ್ನು ಕೈ ಬಿಡುವ ಹಾಗಿಲ್ಲ.

"ಹಾರೆ ತಾರೋ!" ಅಂತ ಅರಚಿದೆ.

ಡ್ರೈವರ್ ಶಾಲೆಯ ತೋಟದಲ್ಲಿದ್ದ ಹಾರೆ ತಂದು ಏಣಿ ಹತ್ತಿ ತಗಡಿಗೂ ಪೈಪಿಗೂ ನಡುವೆ ಕೊಟ್ಟು ಮೀಟಿದ. ಒಂದು ಸಲ, ಎರಡು ಸಲ. ಹಾರೆ ಜಾರಿ ಅವಳ ಕಿವಿಯ ಪಕ್ಕದಲ್ಲೇ ತಗಡಿಗೆ ಬಡಿಯಿತು.

"ಹಾಳಾದ್ದು ಬಗ್ಗಲ್ಲ ಕಣೋ! ಏನ್ ಬೆಸ್ದಿದೀಯೋ ಮಾರಾಯ!"

ಜೀವಮಾನವೆಲ್ಲ ಈ ಮಾತು ಕೇಳಿ ಹಿಗ್ಗಿದವನು ನಾನು. ಆವತ್ತು ಅಲ್ಲಿ ನಿಂತು, ದೇವರೇ, ಇದೊಂದು ಬೆಸುಗೆ ಕಿತ್ತು ಹೋಗಲಿ, ಇದೊಂದು ಕಳಪೆ ಕೆಲಸ ಆಗಿರಲಿ ಅಂತ ಬೇಡಿಕೊಂಡೆ. ಕೀಳಲಿಲ್ಲ. ಅವಳ ಕಾಲು ನನ್ನ ಎದೆಗೆ ಒದೆಯುತ್ತಿತ್ತು. ಆಮೇಲೆ ಒದೆಯುವುದು ನಿಧಾನವಾಯಿತು.

ಅಷ್ಟರಲ್ಲಿ ಟೀಚರ್ ಓಡಿ ಬಂದರು. ಸೀರೆ ಎತ್ತಿ ಕಟ್ಟಿ ಏಣಿ ಹತ್ತಿ, ಡ್ರೈವರ್‌ನನ್ನು ಪಕ್ಕಕ್ಕೆ ದಬ್ಬಿ, ಅಟ್ಟದ ಮೇಲೆ ಬೋರಲು ಮಲಗಿದರು.

"ಹಾರೆ ಆಚೆ ಬಿಸಾಕು! ರೀ, ನೀವು ಎತ್ರಿ. ಇನ್ನೂ ಎತ್ರಿ. ಪುಟ್ಟಿ, ನನ್ ಕಡೆ ತಿರುಗವ್ವ. ಇಲ್ನೋಡು, ನನ್ ಬಳೆ ನೋಡು. ಹಾಂ, ಹಂಗೇ, ಬಳೆ ನೋಡ್ತಿರು."

ಒಂದು ಕೈಯಲ್ಲಿ ತಲೆ ಹಿಡಿದು ಮುಖವನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಿದರು. ಕಿವಿ ತಗಡಿಗೆ ಬಂತು. "ಈಗ ಬಿಡಿ, ನಿಧಾನ," ಅಂದರು. ತಲೆ ಸಂದಿನಿಂದ ಜಾರಿ, ಮಗಳು ಪೂರ್ತಿಯಾಗಿ ನನ್ನ ತೋಳಿಗೆ ಬಿದ್ದಳು. ಬೆನ್ನು ತಟ್ಟಿದೆ. ಆಮೇಲೆ ಅತ್ತಳು. ಅಷ್ಟು ಒಳ್ಳೆಯ ಅಳುವನ್ನು ನಾನು ಕೇಳಿಲ್ಲ.

ಟೀಚರ್ ನೀರು ತಂದುಕೊಟ್ಟರು. ನಾನು ಹೇಳಿರಲಿಲ್ವಾ ಅಂತ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಕಟ್ಟೆಯ ಮೇಲೆ ಕೂತಾಗ ನನಗೆ ಹೊಳೆಯಿತು. ಕರು ಎಲ್ಲಿ ನುಗ್ಗಿದರೂ ತಲೆ ಮುಂದಿಟ್ಟು ನುಗ್ಗುತ್ತದೆ. ಮಕ್ಕಳು ಕಾಲು ಮುಂದಿಡುತ್ತವೆ. ಕಾಲು ಹೋಗುತ್ತದೆ, ಮೈ ಹೋಗುತ್ತದೆ, ತಲೆ ಉಳಿಯುತ್ತದೆ. ಹದಿನೈದು ವರ್ಷ ಕೈಯಲ್ಲಿಟ್ಟುಕೊಂಡಿದ್ದ ಅಳತೆ ಮಕ್ಕಳನ್ನು ನೇತು ಹಾಕುವ ಅಳತೆಯಾಗಿತ್ತು. ಅದರ ಹಿಂದೆಯೇ ಇನ್ನೊಂದು ಹೊಳೆದು ಎದ್ದು ನಿಂತೆ. ಹೊಂಗಡಹಳ್ಳದ ಕಡೆಯದು! ಎರಡು ತಿಂಗಳಿಂದ ಮಕ್ಕಳು ಅದರ ಮೇಲೇ ಇವೆ. ಇವತ್ತು ಶನಿವಾರ, ಮಧ್ಯಾಹ್ನ, ಬಯಲಿನಲ್ಲಿ ದೊಡ್ಡವರು ಯಾರೂ ಇರುವುದಿಲ್ಲ.

ಮಗಳನ್ನು ಕೆಳಗಿಳಿಸಲು ಮನಸ್ಸು ಬರಲಿಲ್ಲ, ಎತ್ತಿಕೊಂಡೇ ಜೀಪು ಹತ್ತಿದೆ. ಅವಳ ಗಲ್ಲದ ಕೆಳಗೆ ಪೈಪಿನ ಗುರುತು ಕೆಂಪಗೆ ಎದ್ದಿತ್ತು.

"ಬೇಗ ಹೊಡಿಯೋ."

"ಹಾರಿಸ್ಲಾ? ರೋಡ್ ನೋಡೋ, ಹೊಂಡದೊಳಗೆ ರೋಡ್ ಐತೆ," ಅಂದ ಡ್ರೈವರ್. ನನ್ನ ಮುಖ ನೋಡಿ ಜೀಪು ಜೋರು ಮಾಡಿದ. ಪ್ರತಿ ತಿರುವಿನಲ್ಲೂ ನನಗೆ ಕಾಣುತ್ತಿದ್ದದ್ದು ಒಂದೇ: ಗಾಳಿಯಲ್ಲಿ ಎರಡು ಕಾಲು. ಎದುರಿಗೆ ಯಾರಾದರೂ ಜೋರಾಗಿ ನಡೆದು ಬಂದರೆ, ಸುದ್ದಿ ಹೇಳಲು ಬರುತ್ತಿದ್ದಾರೆ ಅನ್ನಿಸುತ್ತಿತ್ತು.

ಬಯಲು ಕಂಡಾಗ ಅಟ್ಟದ ಮೇಲೆ ಇಬ್ಬರು ಹುಡುಗಿಯರಿದ್ದರು, ಅಕ್ಕ ತಂಗಿ. ಅಕ್ಕ ಕೋಲು ಹಿಡಿದು ನಿಂತಿದ್ದಳು. ತಂಗಿ ಅಂಗಾತ ಮಲಗಿ, ಎರಡೂ ಕಾಲನ್ನು ತೊಡೆಯವರೆಗೆ ಸಂದಿನಿಂದ ಹೊರಗೆ ಬಿಟ್ಟಿದ್ದಳು.

ಬಾಯಿಗೆ ಬಂದ ಕೂಗನ್ನು ನುಂಗಿದೆ. ಬೆದರಿ ಜಾರಿಬಿಟ್ಟರೆ? ಮಗಳನ್ನು ಡ್ರೈವರ್‌ನ ಕೈಗೆ ಕೊಟ್ಟು, ಹಾವಿನ ಹತ್ತಿರ ಹೋಗುವವನ ಹಾಗೆ ನಡೆದೆ.

"ಏನಾಟ ಆಡ್ತಿದ್ದೀರವ್ವ?"

"ಜೈಲಾಟ," ಅಂದಳು ಅಕ್ಕ. "ಇವ್ಳು ಕಳ್ಳಿ. ಬೆಲ್ಲ ಕದ್ದವ್ಳೆ."

"ಕದ್ದಿಲ್ಲ! ನಾನು ತಪ್ಪಿಸ್ಕೊಂಡು ಹೋಗ್ತೀನಿ ನೋಡು," ಅಂದು ತಂಗಿ ಇನ್ನೊಂದು ಚೂರು ಜಾರಿದಳು. ಸೊಂಟ ಹೊರಬಂತು.

ನಾನು ಅಷ್ಟರಲ್ಲಿ ಕೆಳಗೆ ತಲುಪಿದ್ದೆ. ಅವಳ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದೆ. ಕಚಗುಳಿಯಾಗಿ ಅವಳು ನಕ್ಕಳು.

"ಪೊಲೀಸ್ನೋರೇ, ಕಳ್ಳಿ ರಟ್ಟೆ ಹಿಡ್ದು ಒಳಕ್ಕೆ ಎಳ್ಕೊಳ್ಳಿ."

"ನೀನ್ಯಾರು ಹೇಳಕ್ಕೆ?"

"ಈ ಜೈಲು ಕಟ್ಟಿದೋನು ನಾನೇ ಕಣವ್ವ."

ಅಕ್ಕ ಸ್ವಲ್ಪ ಯೋಚಿಸಿ, "ಹಂಗಾರೆ ಸರಿ," ಅಂದು ಎಳೆದಳು. ನಾನು ಕೆಳಗಿನಿಂದ ದೂಡಿದೆ. ಕಾಲು ಒಳಗೆ ಹೋದವು. ಇಬ್ಬರನ್ನೂ ಕೆಳಗಿಳಿಸಿದೆ.

ಜೀಪಿನಲ್ಲಿದ್ದ ಹಗ್ಗವನ್ನೆಲ್ಲ ಸಂದಿಗೆ ಹೆಣೆದು, ಹತ್ತುವ ಏಣಿಗೆ ಮುಳ್ಳು ಕಟ್ಟಿ, ಕೊಯ್ಲಿನಿಂದ ಜನ ವಾಪಸಾಗುವವರೆಗೆ ಅಲ್ಲೇ ಕಾದೆ. ಬಂದವರಿಗೆ ನನ್ನದೇ ತಪ್ಪು ಅಂತ ಹೇಳಿದೆ. ಸೋಮವಾರದ ಹೊತ್ತಿಗೆ ಎರಡು ಕಡೆಯೂ ಸಂದು ಮುಚ್ಚಿ ಆಗಿತ್ತು. ಆ ಎರಡು ದಿನ ಬೆಸೆಯುವಾಗ ಕೈ ಅಲ್ಲಾಡಿದ್ದಕ್ಕೆ ಗುರುತು ಸೊಟ್ಟಗೆ ಬಂದಿವೆ, ಈಗಲೂ ಕಾಣುತ್ತವೆ. ಉಜ್ಜಲಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು. ಒಂದು ಶಾಪು, ಎರಡು ವೆಲ್ಡಿಂಗ್ ಮಷೀನು, ಒಂದು ಟೇಪು. ನಾಲ್ಕು ಬೆರಳಗಲದ ಒಂದು ಮರದ ತುಂಡು, ಮಕ್ಕಳು ಹತ್ತುವ ಯಾವ ಕಬ್ಬಿಣದ ಸಂದೂ ಅದಕ್ಕಿಂತ ಅಗಲ ಇರಕೂಡದು. ನಾನೇ ಮಾಡಿದ ಏಳು ಜಾರುಬಂಡಿ, ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತೇನೆ. ಹೈಸ್ಕೂಲಿಗೆ ಹೋಗುವ ಒಬ್ಬಳು ಮಗಳು.