ದಬ್ಬಣನ ಹೆಬ್ಬೆರಳು

ಪುಸ್ತಕ ಹೊಲಿದು ರಟ್ಟು ಹಾಕುವ ಆ ಮನುಷ್ಯನನ್ನು ಬೀದಿಯವರೆಲ್ಲ ದಬ್ಬಣ ಎನ್ನುತ್ತಿದ್ದರು. ದಪ್ಪ ಸೂಜಿ ಕೈಯಲ್ಲಿರುತ್ತಿತ್ತು, ಅದಕ್ಕಿಂತ ಮೊನಚಾದದ್ದು ಬಾಯಲ್ಲಿ. ಒಂದೇ ಸೂರಿನಡಿ ಇದ್ದ ತಂಗಿಗೂ ಅವನಿಗೂ ಹಾವು ಮುಂಗುಸಿ. ಅವಳು ಆಸ್ಪತ್ರೆಯಲ್ಲಿ ನರ್ಸು. ಅವಳು ಹೇಳಿದ್ದಕ್ಕೆ ಉಲ್ಟಾ ನಡೆಯುವುದೇ ಅವನ ವ್ರತ.

ಒಂದು ಬೆಳಿಗ್ಗೆ ಪುಸ್ತಕ ಒತ್ತುವ ಪ್ರೆಸ್ಸಿನ ಕಬ್ಬಿಣದ ಹಲಗೆ ಜಾರಿ ಅವನ ಬಲಗೈ ಹೆಬ್ಬೆರಳನ್ನು ಜಜ್ಜಿತು. ಚರ್ಮ ಹರಿಯಲಿಲ್ಲ, ಒಂದು ಹನಿ ರಕ್ತವೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆರಳು ಬದನೆಕಾಯಿಯಂತೆ ಊದಿ ಕೆಂಡದಂತೆ ಕಾದಿತ್ತು. ಉಬ್ಬಿದ್ದನ್ನು ಕಂಡರೆ ದಬ್ಬಣನಿಗೆ ತಡೆಯದು. ಹೊಲಿಗೆಯಿಂದ ಬೆನ್ನು ಉಬ್ಬಿದ ಪುಸ್ತಕವನ್ನು ಬಿಗಿದು, ಒತ್ತಿ, ಚಪ್ಪಟೆ ಮಾಡಿಯೇ ಬದುಕಿದವನು. ಮೇಣ ಹಚ್ಚಿದ ದಾರ ತೆಗೆದು ಬೆರಳಿನ ಬುಡಕ್ಕೆ ಸುತ್ತಿ, ತುದಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿದ.

ಸಂಜೆ ತಂಗಿ ಬಂದಾಗ ಬೆರಳಿನ ತುದಿ ನೇರಳೆಗೆ ತಿರುಗಿತ್ತು. ಹೆಬ್ಬೆರಳು ಹೋದರೆ ಸೂಜಿ ಹಿಡಿಯುವುದು ಯಾವುದರಲ್ಲಿ? ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ. ಆದರೂ ಬಾಯಿ ಮಾತ್ರ ಸೋಲಲಿಲ್ಲ.

"ಬಿಚ್ಚು ಅದನ್ನ," ಎಂದಳು ತಂಗಿ.

"ನಿನ್ನ ಕೆಲಸ ನೋಡ್ಕೋ ಹೋಗೇ. ಗಾಯಾನೇ ಇಲ್ಲ, ಕ್ರಿಮಿ ನುಗ್ಗೋಕೆ ದಾರೀನೂ ಇಲ್ಲ. ಮತ್ತೆ ಯಾವೋನಿಗೆ ಹೆದರಿ ಊದ್ಕೊಂಡಿದೆ ಇದು? ಬರೀ ಸೊಕ್ಕು!"

"ಸೊಕ್ಕು ನಿನಗೆ, ಬೆರಳಿಗಲ್ಲ. ನಿನ್ನ ಅಂಟಿನ ಡಬ್ಬ ಒಡೆದ್ರೆ ಏನಾಗುತ್ತೆ?"

"ನಾತ ಹೊಡೆಯುತ್ತೆ. ಬೀದಿಗೆ ಬೀದೀನೇ ಬಾಗಿಲಿಗೆ ಬರುತ್ತೆ."

"ಇಲ್ಲೂ ಅದೇ ಕಥೆ. ಜಜ್ಜಿದ ಜೀವಕೋಶ ಒಡೆದು, ಒಳಗಿರಬೇಕಾದದ್ದು ಹೊರಗೆ ಚೆಲ್ಲಿದೆ. ಮೈಯ ಕಾವಲಿನವರಿಗೆ ಅಷ್ಟು ಸಾಕು. ಕ್ರಿಮಿ ಬರಲಿ ಅಂತ ಕಾಯ್ತಾ ಕೂರಲ್ಲ ಅವರು. ರಕ್ತನಾಳ ಸಡಿಲ ಮಾಡಿ, ಸತ್ತದ್ದನ್ನ ಗುಡಿಸೋಕೆ ಬಿಳಿ ರಕ್ತಕಣಗಳನ್ನ ಕರೀತಾರೆ. ಆ ಗದ್ದಲಾನೇ ಊತ. ನೀನು ಹೆಬ್ಬಾಗಿಲಿಗೇ ಬೀಗ ಜಡಿದು ಕೂತಿದ್ದೀಯ. ರಕ್ತ ಹೋಗ್ದೆ ಬೆರಳು ಕೊಳೆಯುತ್ತೆ, ಅಣ್ಣ."

"ನನ್ನ ಗಂಟು ನಾನೇ ಬಿಚ್ಚಬಲ್ಲೆ!"

ಬಿಚ್ಚಲು ಹೋದ. ದಾರ ಮಾಂಸದಲ್ಲಿ ಹೂತು ಹೋಗಿತ್ತು. ಎಡಗೈ ತಡಕಾಡಿತು, ಹಲ್ಲಿಗೂ ಸಿಗಲಿಲ್ಲ. ತಾನು ಹಾಕಿದ ಗಂಟು ಜಪ್ಪಯ್ಯ ಅಂದರೂ ಬಿಡುವುದಿಲ್ಲ ಎಂದು ಇಷ್ಟು ಕಾಲ ಜಂಬ ಕೊಚ್ಚಿದವನು ಅವನೇ.

ಕೊನೆಗೆ ಮುಖವನ್ನು ಗೋಡೆಗೆ ತಿರುಗಿಸಿ ಕೈ ಚಾಚಿದ. ಅವಳು ಕತ್ತರಿಯ ಮೊಂಡು ತುದಿ ತೂರಿಸಿ ದಾರ ಕತ್ತರಿಸಿದಳು. ಬೆರಳಿಗೆ ರಕ್ತ ನುಗ್ಗಿತು. ಆ ನೋವಿಗೆ ಅವಳ ಏಳು ತಲೆಮಾರನ್ನು ಬೈದ. ಅವು ತನ್ನವೂ ಹೌದೆಂದು ಹೊಳೆಯಲಿಲ್ಲ.

"ಕೈ ಮೇಲೆತ್ತಿ ಇಟ್ಕೋ. ಬಾಯಿ ಕೆಳಗಿರಲಿ," ಎಂದಳು.

ಉಗುರು ಉದುರಿ ಹೊಸದು ಸೊಟ್ಟಗೆ ಬಂತು. ಬೆರಳು ಉಳಿಯಿತು, ಸೂಜಿ ಹಿಡಿಯಿತು. ಗಿರಾಕಿಗಳು ಕೇಳಿದರೆ, "ನನ್ನ ಮೈಯ ಕಾವಲಿನವರು ಗಟ್ಟಿಗರು, ಉಳಿಸಿಕೊಂಡ್ರು. ಇವಳು ಮಾತ್ರ ಒಳ್ಳೇ ದಾರ ಹಾಳು ಮಾಡಿದ್ಲು," ಎನ್ನುತ್ತಿದ್ದ.

"ಮುಂದಿನ ಸಲ ಕುತ್ತಿಗೆಗೆ ಕಟ್ಕೋ," ಎಂದು ಒಳಗಿನಿಂದ ತಂಗಿಯ ದನಿ ಬರುತ್ತಿತ್ತು. "ಕತ್ತರಿಸೋಕೆ ನಾನು ಏಳಲ್ಲ."