ಬೆಳಿ ಬಂದಿಲ್ಲ

ಬೆಳಗಿನ ಚಳಿಗೆ ಕುರಿಗಳ ಮೂಗಿನಿಂದ ಹಬೆ ಏಳುತ್ತಿದೆ. ಬಂಡೆಪ್ಪ ಒಂದು ಕರಿ ಕುರಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಎಡಗೈಯಿಂದ ಅದರ ಗದ್ದ ಎತ್ತಿ, ಬಲಗೈ ಹೆಬ್ಬೆರಳಿನಿಂದ ಕುತ್ತಿಗೆಯ ನರ ಹುಡುಕುತ್ತಿದ್ದಾರೆ. ನರ ಸಿಕ್ಕಿತು. ಉಣ್ಣೆ ಕತ್ತರಿಸಿದ ಜಾಗಕ್ಕೆ ಸ್ಪಿರಿಟ್ಟಿನ ಹತ್ತಿ ಸವರಿ ದಪ್ಪ ಸೂಜಿ ಚುಚ್ಚುತ್ತಾರೆ. ಕುರಿ ಒಮ್ಮೆ ಒದ್ದಾಡಿ ಸುಮ್ಮನಾಗುತ್ತದೆ. ರಬ್ಬರ್ ನಳಿಗೆಯಲ್ಲಿ ಇಳಿದ ರಕ್ತ ಗಾಜಿನ ಬಾಟಲಿ ಸೇರುತ್ತದೆ. ಬಾಟಲಿಯ ತಳದಲ್ಲಿ ಗಾಜಿನ ಮಣಿಗಳಿವೆ. ರಕ್ತ ಹೆಪ್ಪುಗಟ್ಟದಿರಲೆಂದು ಲ್ಯಾಬಿನ ಜಹಾಂಗೀರ ಅದನ್ನು ಒಂದೇ ಸಮನೆ ಅಲ್ಲಾಡಿಸುತ್ತ ನಿಂತಿದ್ದಾರೆ.

ಸೂಜಿ ಕಿತ್ತ ಮೇಲೆ ಬಂಡೆಪ್ಪ ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಗಾಯಕ್ಕೆ ಒತ್ತುತ್ತಾರೆ. ಬೀರಪ್ಪನ ಗುಡಿಯ ಅರಿಶಿನವದು.

"ಕುರಿ ಕಡದು ತಿನ್ನೂದು ಬ್ಯಾರೆ ಮಾತ್ರಿ ಬಾಯಾರ. ಅದು ನಮ್ಮ ಕುಲದಾಗ ನಡದ ಬಂದದ್ದು. ಆದ್ರ ಜೀವಂತ ನಿಂದ್ರಿಸಿ ರಕ್ತ ತಗಿಯೂದು ನಮ್ಮಪ್ಪಗ ಗೊತ್ತಿದ್ರ ನನ್ನ ಮನಿ ಒಳಗ ಸೇರಿಸ್ತಿದ್ದಿಲ್ಲ. ಅದಕ್ಕ ಭಂಡಾರ ಹಚ್ತೇನಿ. ದೇವರ ಕಣ್ಣು ತಪ್ಪಸಾಕ," ಎಂದು ನನ್ನ ಕಡೆ ನೋಡಿ ನಗುತ್ತಾರೆ. ಆ ದಿನ ಅವರು ನಕ್ಕಿದ್ದು ಅದೊಂದೇ ಸಲ.

ವಿಶ್ವವಿದ್ಯಾಲಯದ ಆಸ್ಪತ್ರೆಯೊಂದು ಐದು ವರ್ಷದ ಹಿಂದೆ, ೧೯೭೯ರಲ್ಲಿ, ಬಾಗಲಕೋಟೆಯಲ್ಲಿ ಮೆದುಳು ಜ್ವರದ ಸಂಶೋಧನೆಗೆಂದು ತೆರೆದ ಪುಟ್ಟ ಘಟಕ ಇದು. ಹೆಸರು ದೊಡ್ಡದು, ಕಟ್ಟಡ ಹೆಂಚಿನದು. ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಜ್ವರ ತಲೆಗೇರಿದವರನ್ನು, ಮೂರ್ಛೆ ಹೋದವರನ್ನು ಇಲ್ಲಿಗೆ ಹೊತ್ತು ತರುತ್ತಾರೆ. ಬೆನ್ನುಹುರಿಯಿಂದ ತೆಗೆದ ನೀರನ್ನು ಗಾಜಿನ ಪ್ಲೇಟಿನ ಮೇಲೆ ಸವರಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಯಾವ ರೋಗಾಣು ಬೆಳೆಯುತ್ತದೆ, ಅದು ಯಾವ ಔಷಧಕ್ಕೆ ಸಾಯುತ್ತದೆ ಎಂದು ಇಲ್ಲಿ ನೋಡುತ್ತಾರೆ. ಈ ರೋಗಾಣುಗಳು ಮಹಾ ನಾಲಿಗೆಯ ಚಪಲದವು. ಬರಿ ಗಂಜಿ ಹಾಕಿದರೆ ಬೆಳೆಯುವುದಿಲ್ಲ, ಅವಕ್ಕೆ ಕುರಿಯ ಹಸಿ ರಕ್ತ ಬೇಕು. ಅದಕ್ಕೆ ಕುರಿ ಬೇಕು. ಕುರಿಗೆ ಬಂಡೆಪ್ಪ ಬೇಕು.

ಅವರ ಬಗ್ಗೆ ಇದುವರೆಗೆ ಯಾರೂ ಒಂದು ಸಾಲು ಬರೆದಿಲ್ಲ. ಡಾಕ್ಟರುಗಳ ಪ್ರಬಂಧಗಳಲ್ಲಿ 'ಕುರಿಯ ರಕ್ತ' ಎಂದಷ್ಟೇ ಇರುತ್ತದೆ, ಕುರಿಯವರ ಸುದ್ದಿ ಇರುವುದಿಲ್ಲ. ಎಲೆಮರೆಯ ಕಾಯಿ ಹುಡುಕುವವಳಿಗೆ ಇದಕ್ಕಿಂತ ಇನ್ನೇನು ಬೇಕು? ನಮ್ಮ ಪತ್ರಿಕೆಯ ಭಾನುವಾರದ ಪುರವಣಿಯ ಸಂಪಾದಕರು ಬೇರೆ, "ಕಷ್ಟ ಇರಲಿ, ಕೊನೆಗೆ ಸ್ವಲ್ಪ ಬೆಳಕೂ ಇರಲಿ" ಎಂದು ಹೇಳಿ ಕಳಿಸಿದ್ದರು. ಬೆಳಕು ಅವರ ಟೇಬಲ್ಲಿನ ಮೇಲೆ ಧಾರಾಳವಾಗಿದೆ. ಇಲ್ಲಿ ನಾನು ಹುಡುಕಿ ಸೋತೆ.

ಬಂಡೆಪ್ಪನ ಊರು ಕುಳಗೇರಿ ಕ್ರಾಸಿನ ಆಚೆ ಒಂದು ಹಳ್ಳಿ. ಅಣ್ಣತಮ್ಮಂದಿರ ಪಾಲಾದಾಗ ಇವರ ಪಾಲಿಗೆ ಬಂದ ಕುರಿಗಳು ಒಂದೇ ವರ್ಷದಲ್ಲಿ ಬಾಯಿ-ಕಾಲು ಬೇನೆಗೆ, ಅದರ ಹಿಂದೆಯೇ ಬಂದ ಇನ್ನೊಂದು ಬೇನೆಗೆ ಹೋದವು. ಕುರಿಯಿಲ್ಲದ ಕುರುಬನನ್ನು ಯಾರು ಕೇಳುತ್ತಾರೆ? ಹೆಂಡತಿ ಹನಮವ್ವನ ಜೊತೆ ಬಾಗಲಕೋಟೆಗೆ ಬಂದು ಹಮಾಲಿ ಮಾಡುತ್ತಿದ್ದಾಗ, ದವಾಖಾನೆಯಲ್ಲಿ ಕುರಿ ನೋಡಿಕೊಳ್ಳುವ ಕೆಲಸ ಇದೆ ಎಂದು ಯಾರೋ ಹೇಳಿದರು. "ದವಾಖಾನ್ಯಾಗ ಕುರಿ ಯಾಕಪಾ, ಅವಕ್ಕೂ ಕಾಟು ಕೊಟ್ಟಾರೇನು ಅಂತ ಚ್ಯಾಷ್ಟಿ ಮಾಡಿದ್ನಿ," ಎನ್ನುತ್ತಾರೆ. ಕಾಟು ಅಂದರೆ ಮಂಚ.

ಕೆಲಸ ನೋಡಿದರೆ ಹಗುರ ಅನ್ನಿಸುತ್ತದೆ. ಹಿಂಡಿ ಕಲಸಬೇಕು, ಹಟ್ಟಿ ಬಳಿಯಬೇಕು, ಬೇವಿನ ತಪ್ಪಲು ತರಬೇಕು, ಇವತ್ತು ರಕ್ತ ಕೊಟ್ಟ ಕುರಿಗೆ ಮುಂದಿನ ವಾರವೆಲ್ಲ ಸೂಜಿ ತೋರಿಸಬಾರದು. ಕುರಿಗೆ ಹುಷಾರಿಲ್ಲದಿದ್ದರೂ ಅದಕ್ಕೆ ಔಷಧ ಕೊಡುವ ಹಾಗಿಲ್ಲ. ಕೊಟ್ಟರೆ ಆ ರಕ್ತದಲ್ಲಿ ರೋಗಾಣು ಬೆಳೆಯುವುದಿಲ್ಲ. ಹೀಗಾಗಿ ಕೆಮ್ಮುವ ಕುರಿಯ ಪಕ್ಕ ಕೂತು ಬೆನ್ನು ಸವರುವುದು ಬಿಟ್ಟರೆ ಬಂಡೆಪ್ಪನಿಗೆ ಬೇರೆ ದಾರಿಯಿಲ್ಲ.

ಲ್ಯಾಬಿನವರು ಇಂಗ್ಲಿಷಿನಲ್ಲಿ ಏನೇನೋ ಅನ್ನುತ್ತಾರೆ. ಬಂಡೆಪ್ಪ ಮತ್ತು ಜಹಾಂಗೀರರ ನಡುವೆ ಮಾತ್ರ ಅದಕ್ಕೆ ಒಂದು ಹೊಲದ ಮಾತಿತ್ತು. ಪ್ಲೇಟಿನ ಮೇಲೆ ರೋಗಾಣು ಚುಕ್ಕೆ ಚುಕ್ಕೆಯಾಗಿ ಎದ್ದರೆ 'ಬೆಳಿ ಬಂದೈತಿ'. ಏಳದಿದ್ದರೆ 'ಬೆಳಿ ಬಂದಿಲ್ಲ'. ಲೋಕವೆಲ್ಲ ಬೆಳೆ ಬರಲಿ ಎಂದು ಕೈಮುಗಿದರೆ, ಈ ಹೆಂಚಿನ ಕೆಳಗೆ ಬೆಳೆ ಬರದಿರಲಿ ಎಂದು ಕೈಮುಗಿಯುವ ವಿಚಿತ್ರ. ಔಷಧ ನಾಟಿದ ರೋಗಿಯಿಂದ ಮತ್ತೆ ನೀರು ತೆಗೆದು ಹಾಕಿದ ಎರಡನೆಯ ಪ್ಲೇಟು ಖಾಲಿ ಬಂದಾಗ ಜಹಾಂಗೀರ ಕಿಟಕಿಯಿಂದಲೇ ಕೂಗುತ್ತಿದ್ದರು: "ಬಂಡೆಪ್ಪಾ, ಬೆಳಿ ಬಂದಿಲ್ಲೋ! ಪೇಶಂಟ್ ಪಾರ್!" ಬಂಡೆಪ್ಪ ಹಟ್ಟಿಯಿಂದಲೇ ಬೀರಪ್ಪನಿಗೆ ಕೈ ಎತ್ತುತ್ತಿದ್ದರು.

ಈಗ ಆ ಮಾತನ್ನು ಲ್ಯಾಬಿನಲ್ಲಿ ಯಾರೂ ಆಡುವುದಿಲ್ಲ.

ಹೋದ ಮಾಘ ಮಾಸದಲ್ಲಿ ಹನಮವ್ವ ಐದು ವರ್ಷದ ಮಗಳು ಸೋಮವ್ವನನ್ನು ಕರೆದುಕೊಂಡು ತವರಿಗೆ ಹೋಗಿದ್ದರು. ಅಲ್ಲಿ ಮಗುವಿಗೆ ಜ್ವರ ಬಂತು. ಸಂತೆಯ ದಿನ ಸೂಜಿ ಮಾಡುವವನೊಬ್ಬ ಒಂದು ಸೂಜಿ ಚುಚ್ಚಿ, ನಾಲ್ಕು ಗುಳಿಗೆ ಕೊಟ್ಟ. ಜ್ವರ ಇಳಿದಂತಾಗಿ ಮತ್ತೆ ಏರಿತು. ಕತ್ತು ಬಗ್ಗದಂತಾದಾಗ ಹನಮವ್ವ ಲಾರಿ ಹಿಡಿದು ಬಾಗಲಕೋಟೆಗೆ ಬಂದರು. ಘಟಕದ ಡಾ. ಸಂಗಯ್ಯ ಬೆನ್ನಿನಿಂದ ನೀರು ತೆಗೆದು ಪ್ಲೇಟಿಗೆ ಹಾಕಿಸಿದರು, ಸೂಜಿ ಶುರು ಮಾಡಿದರು. ಎರಡನೆಯ ದಿನಕ್ಕೆ ಮಗು ಕಣ್ಣು ಬಿಟ್ಟು ರೊಟ್ಟಿ ಕೇಳಿತು.

ಅವತ್ತೇ ಜಹಾಂಗೀರ ಪೆಟ್ಟಿಗೆಯಿಂದ ಅವಳ ಮೊದಲ ಪ್ಲೇಟು ತೆಗೆದರು. ಕೆಂಪಗೆ, ನುಣ್ಣಗೆ, ಒಂದು ಚುಕ್ಕೆಯೂ ಇಲ್ಲ. ಹಟ್ಟಿಯ ಬಾಗಿಲಲ್ಲಿ ಕಾಯುತ್ತಿದ್ದ ತಂದೆಗೆ ಹೇಳಿದರು: "ಬೆಳಿ ಬಂದಿಲ್ಲ."

"ನನಗ ಅಷ್ಟ ಸಾಕಾತ್ರಿ," ಎನ್ನುತ್ತಾರೆ ಬಂಡೆಪ್ಪ. "ಐದು ವರ್ಷದಿಂದ ಆ ಮಾತು ಕೇಳಿದಾಗೆಲ್ಲ ಒಬ್ಬರು ಬದಕ್ಯಾರ. ನನ್ನ ಮಗಳೂ ಬದಕಿದ್ಲು ಅಂದ್ಕೊಂಡ್ನಿ. ವಾರ್ಡಿನ್ಯಾಗ ನೆಲದ ಮ್ಯಾಲ ಮಲಗಿಸಿದ್ರು, ಚಳಿ ಭಾಳ ಇತ್ತು. ಮನಿಗೆ ಕರಕೊಂಡ ಹೋಗ್ತೇನಿ ಅಂದ್ನಿ. ಡಾಕ್ಟರು ಊರಾಗ ಇಲ್ಲ, ನಾಳಿಗೆ ಬರ್ತಾರ ತಡಿ ಅಂದ್ಲು ನರ್ಸವ್ವ. ನಾ ಇಲ್ಲೇ ಕೆಲಸ ಮಾಡಾಂವ, ನನಗೆಲ್ಲಾ ಗೊತ್ತೈತಿ ಅಂದ್ನಿ."

ಹೇಳಿ ಮುಗಿಸಿ ಕುರಿಯ ಕಿವಿಯೊಳಗಿನ ಉಣ್ಣಿ ಕೀಳತೊಡಗುತ್ತಾರೆ.

"ನನಗೆಲ್ಲಾ ಗೊತ್ತೈತಿ ಅಂದ್ನಿ ನೋಡ್ರಿ," ಎಂದು ಮತ್ತೊಮ್ಮೆ ಹೇಳುತ್ತಾರೆ.

ಮನೆಗೆ ಹೋದ ಮೂರನೆಯ ದಿನ ಮಗುವಿಗೆ ಮೂರ್ಛೆ ಬಂತು. ಬಾಯಲ್ಲಿ ನೊರೆ. ಮತ್ತೆ ದವಾಖಾನೆ, ಮತ್ತೆ ಸೂಜಿ. ಜೀವ ಉಳಿಯಿತು. ಎದ್ದು ಕೂತ ಮಗಳನ್ನು ಹನಮವ್ವ ಹಿಂದಿನಿಂದ ಕರೆದರು, ತಿರುಗಲಿಲ್ಲ. ತಾಟು ಬಡಿದರು, ತಿರುಗಲಿಲ್ಲ. ರೋಗ ಎರಡೂ ಕಿವಿಯ ನರಗಳನ್ನು ತಿಂದು ಮುಗಿಸಿತ್ತು.

ನಾನು ಈ ಮಾತು ತೆಗೆದಾಗ ಡಾ. ಸಂಗಯ್ಯ ಕನ್ನಡಕ ಕಳಚಿ ಒರೆಸುತ್ತಾರೆ. "ಪ್ಲೇಟು ಖಾಲಿ ಬಂದದ್ದು ರೋಗ ಹೋಗೇತಿ ಅಂತಲ್ರಿ. ಊರಾಗ ಮದಲ ಕೊಟ್ಟ ಅರ್ಧಾಮರ್ಧಾ ಔಷಧಕ್ಕ ಕ್ರಿಮಿ ಸತ್ತಿರಲಿಲ್ಲ, ಬರೇ ಅಡಗಿದ್ವು. ಹಿಂತಾ ಖಾಲಿ ಪ್ಲೇಟು ನಮಗೂ ಕುರುಡ. ಯಾವ ಕ್ರಿಮಿ, ಯಾವ ಔಷಧ ಅಂತ ಏನೂ ತಿಳಿಯೂದಿಲ್ಲ. ಆವಾಗ ಹೇಳಿದಷ್ಟು ದಿನ ತುಂಬೂ ತನಕ ಸೂಜಿ ಮಾಡೂದೊಂದ ದಾರಿ. ಬಂಡೆಪ್ಪಗ ಯಾರೂ ಇದನ್ನ ಬಿಡಿಸಿ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ." ಘಟಕ ಶುರುವಾದಾಗ ಪೆನಿಸಿಲಿನ್ನಿಗೆ ತಲೆಬಾಗುತ್ತಿದ್ದ ರೋಗಾಣುಗಳಲ್ಲಿ ಕೆಲವು ಈಗ ಅದಕ್ಕೆ ಜಗ್ಗುವುದಿಲ್ಲವಂತೆ. ಖಾಲಿ ಪ್ಲೇಟುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆಯಂತೆ. ಸಂತೆಯಲ್ಲಿ ಗುಳಿಗೆ ಮೆಣಸಿನಕಾಯಿಯ ಹಾಗೆ ಬಿಡಿಯಾಗಿ ಸಿಗುವಾಗ ಇನ್ನೇನಾಗುತ್ತದೆ? ನನಗೆ ಸಿಟ್ಟು ಬಂತು.

ಜಹಾಂಗೀರ ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಪ್ಲೇಟು ಏನಾಯಿತೆಂದು ಈಗ ಯಾರು ಬಂದು ಕೇಳಿದರೂ ಅವರ ಉತ್ತರ ಒಂದೇ: "ಡಾಕ್ಟರ್ ಸಾಹೇಬರನ್ನ ಕೇಳ್ರಿ." ಭಾನುವಾರ ಮಾತ್ರ ಪೇಪರು ಹಿಡಿದು ಹಟ್ಟಿಗೆ ಬರುತ್ತಾರೆ. ಓದು ಬಾರದ ಬಂಡೆಪ್ಪನಿಗೆ ಸುದ್ದಿಗಳನ್ನೆಲ್ಲ ಓದಿ ಹೇಳುತ್ತಾರೆ. ಇಬ್ಬರ ನಡುವೆ ಉಳಿದ ಮಾತು ಅಷ್ಟೇ.

ಕಿವಿ ಹೋದದ್ದು ಒಂದು ಕಷ್ಟ. ಅದರ ಹಿಂದೆ ಇನ್ನೊಂದು ನಿಂತಿದೆ ಎಂದು ಈ ಮನೆಯವರಿಗೆ ಗೊತ್ತಿರಲಿಲ್ಲ. ಕೇಳದ ಮಗು ಕಲಿತ ಮಾತನ್ನೂ ಮರೆಯುತ್ತದೆ.

"ಮದಲ ಹಾಡು ಬಿಟ್ಲರಿ," ಎನ್ನುತ್ತಾರೆ ಹನಮವ್ವ. "ಆಮ್ಯಾಲ ಮಂದಿ ಹೆಸರು ಹೋದ್ವು. ನೀರು ಅಂತಿದ್ಲು, ಈಗ ಕೈ ಮಾಡಿ ತೋರಸ್ತಾಳ. ಯವ್ವಾ ಅಂತಿದ್ಲು, ಅದೂ ಹೋತು. ಕಾಳು ಉದುರಿಧಂಗ ಉದುರಾಕ್ಹತ್ಯಾವು. ಆರಿಸಿ ಇಡಾಕ ಬರ್ತೈತೇನ್ರಿ?"

ಯಂತ್ರ ಹಾಕಿದರೂ ಕೇಳುವುದಿಲ್ಲ ಎಂದು ಕಿವಿಯ ಡಾಕ್ಟರು ಹೇಳಿಯಾಗಿದೆ. ದೂರದ ಊರಿನ ಕಿವುಡ ಮಕ್ಕಳ ಶಾಲೆಯಲ್ಲಿ ಬರುವ ಜೂನಿಗೆ ಸೇರಿಸಿಕೊಳ್ಳಬಹುದಂತೆ. ಅಲ್ಲಿಯ ಗುರುಗಳು ಒಂದು ಮಾತು ಹೇಳಿ ಕಳಿಸಿದ್ದಾರೆ: ಅಷ್ಟರವರೆಗೆ ಮಗುವಿನ ಬಾಯಲ್ಲಿ ಒಂದಾದರೂ ಮಾತು ಉಳಿಸಿಕೊಳ್ಳಿ, ಒಂದು ಎಳೆ ಇದ್ದರೆ ಅದನ್ನು ಹಿಡಿದು ಉಳಿದದ್ದನ್ನು ಎಳೆಯಬಹುದು, ಪೂರ್ತಿ ಮೂಕವಾದರೆ ಕಷ್ಟ.

ಈಗ ಉಳಿದಿರುವುದು ಒಂದೇ ಮಾತು. ಯಪ್ಪಾ.

ಬಂಡೆಪ್ಪ ಆ ಮಾತನ್ನು ಕಾಯುತ್ತಿದ್ದಾರೆ. ಕೆಲಸದ ನಡುವೆ ಓಡಿ ಮನೆಗೆ ಹೋಗುತ್ತಾರೆ. ಮಗಳ ಕೈಯನ್ನು ತನ್ನ ಗಂಟಲಿನ ಮೇಲೆ ಇಟ್ಟುಕೊಂಡು "ಯಪ್ಪಾ" ಅನ್ನುತ್ತಾರೆ. ಆಕೆಯೂ ಹಾಗೆ ಅಂದರೆ ಒಂದು ತುಣುಕು ಬೆಲ್ಲ ಕೊಡುತ್ತಾರೆ. ಹಿಂದಿನಿಂದ ಹೋಗುವಾಗಲೂ ಹೆಸರು ಹಿಡಿದು ಕೂಗಿಯೇ ಭುಜ ಮುಟ್ಟುತ್ತಾರೆ. ಕೇಳಿಸದವಳನ್ನು ಯಾಕೆ ಕೂಗುತ್ತೀರಿ ಎಂದೆ. ಕೇಳಬಾರದಿತ್ತು.

"ಕೂಗೂದು ಬಿಟ್ರ ಆಕಿಗೆ ಹೆಸರ ಇಲ್ಲಧಂಗ ಆಗತೈತ್ರಿ," ಎಂದರು.

ಬಯಕೆ ಏನು ಎಂಬ ನಮ್ಮ ಪುರವಣಿಯ ಮಾಮೂಲಿ ಪ್ರಶ್ನೆಯನ್ನೂ ಕೇಳಿದೆ. ಕೆಲಸ ಕಾಯಂ ಆಗಲಿ ಎಂದಾರು, ಹಟ್ಟಿಗೆ ತಗಡು ಹಾಕಿಸಲಿ ಎಂದಾರು ಎಂದುಕೊಂಡಿದ್ದೆ. "ಏನೂ ಬ್ಯಾಡ್ರಿ. ಜೂನ್ ತನಕ ಆ ಒಂದು ಮಾತು ಉಳೀಲಿ. ಉಳದೈತ್ರಿ, ದಿನಾ ಅಂತಾಳ. ಬರ್ರಿ, ನೀವ ಕೇಳ್ರಿ," ಎಂದು ಎದ್ದರು.

ಮನೆ ಹತ್ತಿರದ ಓಣಿಯಲ್ಲೇ. ಸೋಮವ್ವ ಹಳೆಯ ಖಣದ ತುಂಡೊಂದನ್ನು ಕಲ್ಲಿಗೆ ಉಡಿಸಿ ಆಡುತ್ತಿದ್ದಳು. ಅಂಗಳಕ್ಕೆ ಬಿದ್ದ ನೆರಳು ನೋಡಿ ತಲೆ ಎತ್ತಿದಳು. ಅಪ್ಪನನ್ನು ಕಂಡು ಮುಖ ಅರಳಿತು. ಓಡಿ ಬಂದು ಧೋತರ ಹಿಡಿದು, ಮುಖ ಮೇಲೆತ್ತಿದಳು. ತುಟಿಗಳು ಕೂಡಿದವು, ಬಿಟ್ಟವು, ಮತ್ತೆ ಕೂಡಿ ಬಿಟ್ಟವು. ದನಿ ಬರಲಿಲ್ಲ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ, ಓಣಿ ನಿಶ್ಶಬ್ದವಾಗಿತ್ತು. ಉಸಿರಿನ ಸದ್ದೂ ಇರಲಿಲ್ಲ.

"ಓ! ಬಂದ್ನ್ಯವ್ವಾ, ಬಂದ್ನಿ!" ಎಂದು ಬಂಡೆಪ್ಪ ಅವಳನ್ನು ಎತ್ತಿಕೊಂಡು, ಬೆಲ್ಲ ಬಾಯಿಗಿಟ್ಟು, ನನ್ನ ಕಡೆ ತಿರುಗಿದರು. "ಕೇಳಿದ್ರಿಲ್ರಿ ಬಾಯಾರ? ಎಷ್ಟ ಚಂದ ಅಂತಾಳ!"

ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಹನಮವ್ವ ನನ್ನನ್ನೇ ನೋಡಿದರು. ಬೇಡ ಎನ್ನುವಂತೆ ತಲೆಯಾಡಿಸಿದರು.

"ಕೇಳಿತು," ಎಂದೆ.

"ಹಂಗಾರ ಬರದು ಹಾಕ್ರಿ ಪೇಪರಿನ್ಯಾಗ. ನನ್ನ ಸುದ್ದಿ ಎಷ್ಟರ ಬರೀರಿ, ಬಿಡ್ರಿ. ಇದೊಂದು ಬರೀರಿ."

ಈ ಭಾನುವಾರ ಪುರವಣಿ ಹಿಡಿದು ಹಟ್ಟಿಗೆ ಹೋಗುವವರು ಜಹಾಂಗೀರ. ಜಹಾಂಗೀರ ಅವರೇ, ಓಣಿಯಲ್ಲಿ ನಾನು ಕಂಡದ್ದನ್ನು ಬಂಡೆಪ್ಪನಿಗೆ ದಯವಿಟ್ಟು ಓದಬೇಡಿ. ನೇರ ಇಲ್ಲಿಗೆ ಬನ್ನಿ, ಗಟ್ಟಿಯಾಗಿ ಓದಿ: ಬಂಡೆಪ್ಪನ ಮಗಳು ಸೋಮವ್ವ ಇವತ್ತಿಗೂ ಯಪ್ಪಾ ಅಂತಾಳ.